ಇರುವಿ ಮುತ್ತದ ಗುಳಗಿ

ಲಕೋಟಿ ಒಡದಾರ ಅಂದಕೂಡ್ಲೇ ಅದು ಖರೇ ಆಗಿಬಿಡ್ತೇನಲೇ, ಅಲ್ತಾಫ? ಹೇಳು ನೋಡೋಣ. ಲಕೋಟಿ ಅಂದ್ರ ಏನು? ಕಾಗದ. ಕಾಗದದ ಮ್ಯಾಲ ಯಾರೋ ಬರದಾರ... ಅತನೂರ ಮದೀನಾಬಿಗಿ ಬಂದದ್ದು ಖಾಲಿ ಗುಳಗಿ, ಅದರಾಗ ದವಾ ಇಲ್ಲ, ಅಂತ. ಆ ಬರದಾಂವ ಯಾರು? ಅವನ ಮಾರಿ ನೀ ನೋಡೀಯಾ? ನಾ ನೋಡೇನಾ? ಇಲ್ಲ. ಮತ್ತ! ನಿಮ್ಮವ್ವ ದವಾಖಾನಿ ಮೂರನೇ ಮಾಳಗಿ ಮ್ಯಾಲ ರಕ್ತ ಕಾರಕೋತ ಮಲಗ್ಯಾಳ, ನೀ ಇಲ್ಲಿ ಕೆಳಗ ಆ ಕಾಗದ ನಂಬಿ ಚಾ ಕುಡ್ಕೋತ...

ಕುಡದರೇ ಎಲ್ಲಿ ಕುಡದಿ. ಹಂಗೇ ಇಟ್ಟಿ. ಕೆನಿ ಕಟ್ಟಾಕತ್ತದ ನೋಡು.

ನಾ ಹೇಳೋದು ಒಂದೇ ಮಾತು. ಈಗಿಂದೀಗ ಮ್ಯಾಲ ಹೋಗು. ಆ ಸೂಜಿ ಮಾಡ್ರಿ ಅನ್ನು. ನೀ ಮಗ ಇದ್ದಿ, ನೀ ಅಂದ್ರ ಕೇಳತಾರ. ನಾ ಯಾರು? ಓಣಿಯಾಂವ. ಗುಳಗಿ ಶೋಧದವರ ಪೋರಿ ಸಂಘಮಿತ್ರಾ ಏನಂದಳು ಮುಂಜಾನಿ? ನೀನೂ ಇದ್ದೆಲ್ಲ. ರಕ್ತ ತಿಳಿ ಮಾಡೋ ಗುಳಗಿ ಮೈಯಾಗಿದ್ರ, ಆ ಸೂಜಿ ಮಾಡಿದಮ್ಯಾಲ ರಕ್ತ ನಿಂದರತದ. ಗುಳಗಿ ಇರದವರಿಗಿ ಮಾಡಿದ್ರ ಇದ್ದ ರಕ್ತನೇ ಗಡ್ಡಿ ಕಟ್ಟಿ ಲಕ್ವಾ ಹೊಡೀಬಹುದು. ಅದಕ್ಕೇ ಯಾರಿಗಿ ಯಾವ ಗುಳಗಿ ಅಂತ ಬರದಿಟ್ಟ ಲಕೋಟಿ ಒಡದು ನೋಡ್ಯಾರ. ಖಾಲಿ ಅಂತ ಬಂತು. ಅದಕ್ಕೇ ಸೂಜಿ ಬ್ಯಾಡ ಅಂದಾರ. ಈಗ ಬಾಯಾಗ ನಳಗಿ ಬಿಟ್ಟು ಹೊಟ್ಟ್ಯಾಗ ಹುಣ್ಣು ಹುಡುಕಾಕತ್ತಾರ.

ಹುಡುಕಲಿ. ಹುಣ್ಣೇ ಸಿಗಲಿ ಬೇಕಾದ್ರ. ರಕ್ತ ನಿಂದರೋದು ಅದರಿಂದಲ್ಲಲೇ!

...ಯಾಕಂದ್ರ? ಯಾಕಂದ್ರ... ಹಂಗ ಅನಸತದ ನನಗ. ಬೋರಿನ ಗಾಡಿ ಮ್ಯಾಲ ಇಪ್ಪತ್ತೆರಡು ವರ್ಷ ತಿರಗೇನಿ. ಆಳಂದದಾಗ ಹೊಡದೇನಿ, ಅಫಜಲಪುರದಾಗ ಹೊಡದೇನಿ, ಜೇವರ್ಗಿಯೊಳಗಂತೂ ಯಾವ ಹೊಲದಾಗ ಎಷ್ಟು ಅಡಿಗಿ ಕಲ್ಲು ಹತ್ತತದ ಅಂತ ಕಣ್ಣ ಮುಚ್ಚಿ ಹೇಳತೇನಿ. ಒಳಗ ಏನದ ಅನ್ನೋದು ಮ್ಯಾಲ ನಿಂತು ತಿಳಕೋಳೋ ಧಂದೇನೇ ನಂದು.

ಯಾಕ ನಗತಿ? ಐದನೇತ್ತೆ ಬಿಟ್ಟು ಓಡಿ ಹೋದಾಂವ ಡಾಕ್ಟರಗ ಬುದ್ಧಿ ಹೇಳಾಕತ್ತಾನ ಅಂತ ನಗತಿ. ನಗು. ನಕ್ರ ಛಲೋನೇ ಆತು, ಎರಡು ದಿನಾ ಆತು ನಿನ್ನ ಮಾರಿ ಮ್ಯಾಲ ನಗಿ ನೋಡಿ. ಕೈ ಮ್ಯಾಲಿನ ಹತ್ತಿನರೇ ತಗಿ ಮಾರಾಯಾ, ರಕ್ತ ಕೊಟ್ಟು ನಾಕ ತಾಸ ಆತು. ಇನ್ನೊಂದು ಬಾಟಲಿ ಬೇಕಂದಾರೇನು? ನಂದು ತಗೋರಿ ಅಂದ್ರ ನಂದು ಕೂಡಂಗಿಲ್ಲಂತ. ಅದೂ ಕಾಗದದ ಮ್ಯಾಲೇ ಬರದಾರ.

ದತ್ತಪ್ಪ ಗೊತ್ತಲ್ಲ ನಿನಗ? ಅಂಗೈ ಮ್ಯಾಲ ತೆಂಗಿನಕಾಯಿ ಇಟಕೊಂಡು ಹೊಲದ ತುಂಬ ತಿರಗಾಂವ. ಕಾಯಿ ಎಲ್ಲಿ ನೆಟ್ಟಗ ನಿಂದರತದ ಅಲ್ಲಿ ನೀರು. ಇಡೀ ಸೀಮಿಗೇ ಹೆಸರು ಅವಂದು. ಅಲ್ಲಿ ಮೂರಿಂಚ ಬಂತು, ಇಲ್ಲಿ ನಾಕಿಂಚ ಬಂತು, ಮಂದಿ ಅವಂಗ ಶಾಲ ಹೊಚ್ಚಿ ಫೋಟೊ ಹೊಡಸಿದ್ದೇ ಹೊಡಸಿದ್ದು. ನಾ ಏನ ಮಾಡದೆ ಗೊತ್ತದ? ಗಾಡಿ ಬಾಗಲದ ಒಳಮಗ್ಗಲಿಗಿ ಖಡುವಿಲೆ ಗೀಟು ಹಾಕೋತ ಹೋದೆ. ಅವನು ತೋರಿಸಿದ ಜಾಗಾ ಮೂವತ್ತೊಂದು. ಫೇಲ್ ಆಗಿದ್ದು ಹತ್ತೊಂಬತ್ತು! ಬರೇ ಧೂಳ. ಆ ಹತ್ತೊಂಬತ್ತು ಊರಾಗ ಯಾರರೇ ಮಾತಾಡತಾರೇನು? ಇಲ್ಲ. ಫೇಲ್ ಆದಾಂವ ತಲಿ ಮ್ಯಾಲ ಟಾವೆಲ್ ಹಾಕ್ಕೊಂಡು ಸುಮ್ಮ ಮನಿಗಿ ಹೋಗತಾನ. ನೀರು ಬಂದಾಂವ ಹಲಗಿ ಹೊಡಸತಾನ. ಹಲಗಿ ಸಪ್ಪಳ ಒಂದೇ ಕೇಳತದ ಮಂದಿಗಿ.

ಅದಕ್ಕೇ ಅಂತೇನಿ. ಯಾರರೇ ಬಂದು, ಈ ದವಾದಿಂದ ಇಷ್ಟ ಮಂದಿಗಿ ಆರಾಮಾಗ್ಯದ ಅಂದ್ರ, ನನ್ನ ಬಾಯಿಗಿ ಮೊದಲು ಬರೋ ಮಾತು... ಫೇಲ್ ಆದ ಬೋರ್ ಎಷ್ಟ್ರೀ?

ಸಂಘಮಿತ್ರಾಗೂ ಅದೇ ಕೇಳಿದ್ದೆ. ಹೋದ ವರ್ಷ ಕ್ಯಾಂಪಿನಾಗ. ನಮ್ಮ ಓಣಿ ಪೋರಿ, ನನ್ನ ಹೆಗಲ ಮ್ಯಾಲ ಕೂತು ಆಡಿದಾಕಿ, ನರ್ಸಿಂಗ್ ಕಲತು ಈಗ ಆ ಶೋಧದವರ ಕೈಯಾಗ ಕೆಲಸ. ಮಂದಿಗಿ ತಿಳಿಸಿ ಹೇಳೋದು ಆಕಿ ಕೆಲಸ. ನಮ್ಮಕ್ಕ ಭಾಗಮ್ಮಂದು, ನಿಮ್ಮವ್ವಂದು, ಇಬ್ಬರ ಎದಿ ಬಡತಾನೂ ನಡನಡಬರಕ ತಪ್ಪತದ ಅಂತ ಮಷೀನಿನ್ಯಾಗ ಬಂದಿತ್ತು. ಭಾಳ ಅಲ್ಲ, ಒಂಚೂರು. ಇಂಥವರಿಗಿ ರಕ್ತ ತಿಳಿ ಮಾಡೋ ಗುಳಗಿ ಕೊಡಬೇಕೋ ಬ್ಯಾಡೋ... ಡಾಕ್ಟರಗೇ ಗೊತ್ತಿಲ್ಲಂತ! ಕೊಟ್ರ ನೂರರಾಗ ಒಬ್ರಿಗೋ ಇಬ್ರಿಗೋ ಲಕ್ವಾ ತಪ್ಪಬಹುದು. ಒಬ್ರಿಗೋ ಇಬ್ರಿಗೋ ಒಳಗ ರಕ್ತ ಹೋಗಬಹುದು. ಯಾವದು ಹೆಚ್ಚು, ಯಾವದು ಕಡಿಮಿ, ಅದನ್ನೇ ತೂಗಿ ನೋಡಾಕ ಈ ಶೋಧ. ಅರ್ಧ ಮಂದಿಗಿ ಖರೇ ಗುಳಗಿ, ಅರ್ಧ ಮಂದಿಗಿ ಖಾಲಿ ಗುಳಗಿ. ಯಾರಿಗಿ ಯಾವದು ಅಂತ ಚೀಟಿ ಎತ್ತಿದಂಗ ಕಂಪ್ಯೂಟರ್ ಎತ್ತತದ. "ನನಗೂ ಗೊತ್ತಿರಂಗಿಲ್ಲ ಮಾಮಾ, ಡಾಕ್ಟರಗೂ ಗೊತ್ತಿರಂಗಿಲ್ಲ," ಅಂದಳು.

ಯಾರಿಗೂ ಗೊತ್ತಿಲ್ಲ ಅಂದ್ರ ಯಾರಿಗೋ ಒಬ್ಬರಿಗಿ ಗೊತ್ತದ. ಇದು ನಾ ಅಂದಿದ್ದು.

ಆಮ್ಯಾಲ ಕೇಳಿದೆ, ಫೇಲ್ ಆದ ಬೋರಿನ ಲೆಕ್ಕ ಇಡತೀರೇನವಾ ಅಂತ. ಆಕಿ ಏನಂದಳು ಗೊತ್ತೇನು? "ಇಡತೇವು ಮಾಮಾ. ಬೋರ್ ಹೊಡಿಯೋಕಿಂತ ಮೊದಲೇ ಎಲ್ಲಿ ಹೊಡಿತೇವು, ಎಷ್ಟು ಅಡಿ ಹೊಡಿತೇವು ಅಂತ ಎಲ್ಲರಿಗೂ ಕಾಣಂಗ ಬರದು ಇಡತೇವು. ನೀರು ಬಂದ್ರೂ ಬರಿತೇವು, ಧೂಳ ಬಂದ್ರೂ ಬರಿತೇವು." ನನ್ನ ಬಾಯಿ ಮುಚ್ಚತು. ನನ್ನ ಬಾಯಿ ಮುಚ್ಚಿಸಿದವರ ಮ್ಯಾಲ ನನಗ ಇನ್ನಾ ಜಾಸ್ತಿ ಸಂಶಯ ಬರತದ, ಅದು ನನ್ನ ರೋಗ.

ಆದ್ರೂ ಈ ಮುದುಕೇರು! ಇಬ್ಬರೂ ಕೂಡಿ ಘತ್ತರಗಿಗಿ ಹೋಗಿ, ಭೀಮಿಯಾಗ ಕಾಲ ತೊಳಕೊಂಡು, ಭಾಗ್ಯವಂತಿ ಮುಂದ ನಿಂತು ಕೇಳಕೊಂಡು ಬಂದ್ರಲೇ. ನಿಮ್ಮವ್ವ, ನಮ್ಮ ಖಾಲಾ, ಗುಡಿ ಕಟ್ಟಿ ಮ್ಯಾಲೇ ಕೂತಿದ್ದಳು, ಅಕ್ಕ ಒಳಗ ಹೋಗಿ ಇಬ್ಬರ ಹೆಸರಿಲೆ ಕಾಯಿ ಒಡಸಿದಳು. ಮನಿಯಾಗ ಬಾಬಾಸಾಹೇಬರ ಫೋಟೊ, ಬುದ್ಧನ ಫೋಟೊ. ಹೊರಗ ಹೋದ್ರ ಭಾಗ್ಯವಂತಿ. ಏನಬೇ ಇದು ಅಂದ್ರ, "ಬುದ್ಧ ಏನೂ ಸಿಟ್ಟಾಗಂಗಿಲ್ಲ, ನೀ ಸುಮ್ಮಿರು," ಅಂತಾಳ. ಬಂದು ಇಬ್ಬರೂ ಹೆಬ್ಬಟ್ಟು ಒತ್ತಿದ್ರು. ಅಕ್ಕ ಒತ್ತಿದಳು ಅಂತ ಖಾಲಾ ಒತ್ತಿದಳೋ, ಖಾಲಾ ಒತ್ತಿದಳು ಅಂತ ಅಕ್ಕ ಒತ್ತಿದಳೋ. ಹಿಟ್ಟಿನ ಡಬ್ಬಿ ಒಂದು, ಉಪ್ಪಿನಕಾಯಿ ಭರಣಿ ಒಂದು, ಇದರಾಗೂ ಹಂಗೇ.

ಏನು? ...ಹೂಂ. ಗುಳಗಿ ಡಬ್ಬಿ ತಿಂಗಳಾ ನಾನೇ ತರತಿದ್ದೆ. ಇಬ್ಬರವೂ. ಅದೇನು ಹೊಸಾ ಸುದ್ದಿಯೇನು? ನೀ ಲೈನ್‌ಮನ್, ನಿನಗ ಕಂಬ ಬಿಟ್ಟು ಇಳಿಯಾಕ ಪುರಸತ್ತಿಲ್ಲ. ನಾ ತಿರಗಾಂವ, ಎಲ್ಲಿದ್ರೂ ತಿಂಗಳ ಮೊದಲನೇ ಸೋಮವಾರ ಅಫಜಲಪುರಕ್ಕ ಬಂದು, ಎರಡು ಬಿಳಿ ಡಬ್ಬಿ ತಗೊಂಡು, ಅತನೂರಿಗಿ ಮುಟ್ಟಿಸಿ ಹೋಗತಿದ್ದೆ. ಖಾಲಾ ಬಾಗಲದಾಗೇ ನಿಂತಿರತಿದ್ದಳು. ಡಬ್ಬಿ ಇಸಗೊಂಡು, "ಜಗದೇವಾ, ರೊಟ್ಟಿ ತಿಂದೇ ಹೋಗು" ಅಂತ...

ಬಿಡು ಅದನ್ನ.

ಯಾತಕ್ಕ ಹಂಗ ನೋಡತಿ? ಬ್ಯಾಗಾ? ಬ್ಯಾಗ ಏನಿಲ್ಲಲೇ, ಅರಬಿ ಅವ. ಜೇವರ್ಗಿ ಕಡೀಗಿ ಗಾಡಿ ಹೊಂಟದ, ಮಾಲಕ ಮುಂಜಾನಿಂದ ಫೋನ್ ಹಚ್ಚಾಕತ್ತಾನ. ಒಂದು ಗಂಟೇಕ ಕ್ರಾಸಿಗಿ ಬರತದ. ಹೋಗತೇನಿ ಅಂತ ಎಲ್ಲಿ ಅಂದೇನಿ? ನೋಡತೇನಿ ಅಂದೇನಿ. ನಾ ಇಲ್ಲಿ ಕೂತು ಮಾಡೋದರೇ ಏನದ, ಹೇಳು. ರಕ್ತ ಕೂಡಂಗಿಲ್ಲ. ಮಾತು ಕೇಳಂಗಿಲ್ಲ.

ಸೂಜಿ ಮಾಡಸಲೇ, ಅಲ್ತಾಫ. ಕೈ ಮುಗಿತೇನಿ.

ಲಕ್ವಾ ಹೊಡದ್ರ ಅಂತಿ. ಹೊಡ್ಯಂಗಿಲ್ಲ! ಕಸಂ ಮಾಡಲೇನು? ಆಕಿ ಮೈಯಾಗ ಗುಳಗಿ ಅದ. ಅದ ಅಂತ... ಅನಸತದ. ಎಷ್ಟು ಸಲ ಕೇಳತಿ, ಹೆಂಗ ಗೊತ್ತು, ಹೆಂಗ ಗೊತ್ತು ಅಂತ? ಬಾಯಿಲೆ ಕೇಳವಲ್ಲಿ, ಕಣ್ಣಿಲೇ ಕೇಳತಿ. ಲಕೋಟಿ ತಪ್ಪಿರಬಹುದು, ಅಷ್ಟೇ. ಕೊಡೋವಾಗ ಅದಲಬದಲ ಆಗಿರಬಹುದು. ಇವ್ವೆಲ್ಲಾ ಆಗತಾವ. ಒಂದು ಸಲ ಆಳಂದ ಕಡೆ ಇವನ ಹೊಲ ಅಂತ ಅವನ ಹೊಲದಾಗ ಬೋರ್ ಹೊಡದು ಬಂದೇವಿ ನಾವು. ನೀರೂ ಬಿತ್ತು!

ನೋಡು, ಕಂಡುಹಿಡಿಯಾಕ ಹಾದಿ ಇಲ್ಲಂತಿಲ್ಲ. ಅದೇನು ಭಾರಿ ವಿದ್ಯಾ ಅಲ್ಲ. ಮಟಕಿ ಊರಾಗ ಒಬ್ಬಾಂವ ಕಂಡುಹಿಡದಾನಂತ. ಅವನ ಮನಿಯಾಗೂ ಇಂಥದ್ದೇ ಡಬ್ಬಿ, ಯಾರೋ ಬೋರ್ ಹೊಡಸಾಂವ ಹೇಳಿದ, ಹೆಸರು ನೆನಪಿಲ್ಲ. ಅಂವ ಎರಡೂ ಡಬ್ಬಿದು ಒಂದೊಂದು ಗುಳಗಿ ಕಲ್ಲಿಲೆ ಜಜ್ಜಿ, ಬೇವಿನ ಗಿಡದ ಬುಡಕ ಇರುವಿ ಸಾಲಿನ ಆಜೂಬಾಜೂ ಇಟ್ಟು, ಬೀಡಿ ಹಚ್ಚಿಕೊಂಡು ಕೂತ. ಒಂದು ಬೀಡಿ ಮುಗಿಯೋದರಾಗ ಒಂದಕ್ಕ ಇರುವಿ ಮುತ್ತಿದ್ವು, ಕರ್ರಗ! ಇನ್ನೊಂದಕ್ಕ? ಮೂಸಿ ನೋಡಿ ಸುತ್ತ ಹಾಕಿ ಹೋದ್ವು. ಒಂದೂ ಮುಟ್ಟಲಿಲ್ಲ. ಮುತ್ತಿದ್ದು ಖಾಲಿ ಗುಳಗಿ, ಸಕ್ರಿ ಹಾಕಿರತಾರ. ಮುಟ್ಟದ್ದು ಖರೇ ಗುಳಗಿ. ಆತಿಲ್ಲೋ? ಕಂಪ್ಯೂಟರ್ ಬೇಕಾ, ಲಕೋಟಿ ಬೇಕಾ? ಡಾಕ್ಟರಗ ಕಂಪನಿಯವರು ಊಟಾ ಹಾಕಸಬಹುದು. ಇರುವಿಗಿ ಯಾರು ಲಂಚ ಕೊಟ್ಟಾರ?

ಬೈಯರೇ ಬೈ.

ಅಂವ ಮುಂದ ಏನ ಮಾಡಿದನಾ? ಯಾರು, ಮಟಕಿಯಾಂವಾ? ನನಗೇನು ಗೊತ್ತಲೇ... ಒಗದಿರಬೇಕು. ಸುಮ್ಮ ಬಿಟ್ಟಿರಬೇಕು. ಅವಂಗೂ ಅಂಜಿಕಿ ಇರತದ. ಅವನ ಕಣ್ಣ ಮುಂದೇ ಒಬ್ಬಾಂವ ಅದೇ ಥರದ ಗುಳಗಿಯಿಂದ ಸತ್ತಿದ್ದ. ಸೂರ್ಯಕಾಂತ. ಎದಿಗಿ ಏನೋ ಆಗಿ ರಕ್ತ ತಿಳಿ ಮಾಡೋ ಗುಳಗಿ ನುಂಗತಿದ್ದ, ಮೂರು ವರ್ಷ ನುಂಗಿದ, ಕಲ್ಲಿದ್ದಂಗಿದ್ದ. ಒಂದಿನಾ ಪೈಪ್ ಜಾರಿ ತಲಿಗಿ ಬಡೀತು. ದೊಡ್ಡ ಪೆಟ್ಟೇನಲ್ಲ. ಟಾವೆಲ್ ಕಟ್ಟಿದೆವು, ನನ್ನ ಅಂಗಿ ಕಟ್ಟಿದೆವು, ಗಾಡ್ಯಾಗ ಹಾಕ್ಕೊಂಡು ಓಡಿದೆವು, ರಕ್ತ ನಿಂದರಲೇ ಇಲ್ಲಲೇ... ನನ್ನ ತೊಡಿ ಮ್ಯಾಲೇ...

ಹೂಂ. ನನ್ನ ತೊಡಿ. ನಮ್ಮ ಗಾಡಿ ಹೆಲ್ಪರ್ ಅಂವ. ಮಟಕಿಯಾಂವಗೂ ಪರಿಚಯ ಇದ್ದ, ಅದಕ್ಕೇ ಅಂದೆ.

ಏನು ತಗದಿ ಕಿಸೇದಾಗಿಂದ? ಖಾಲಾನ ಡಬ್ಬಿ. ಅದನ್ನ್ಯಾಕ ಇಟಕೊಂಡಿ ನೀ? ನರ್ಸಬಾಯಿ ಖಾಲಿ ಗುಳಗಿ ಅದು, ಬೇಕಾಗಿಲ್ಲ ಅಂತ ತಿರುಗಿ ಕೊಟ್ಟಳಲ್ಲ. ಒಗಿ ಅದನ್ನ. ಇಲ್ಲಿ ಕೊಡು, ನಾ ಒಗಿತೇನಿ. ಕೊಡಲೇ... ಏನ ಮಾಡಾಕತ್ತಿ? ಯಾಕ ಜಜ್ಜತಿ ಅದನ್ನ? ಚಾದಾಂವ ನೋಡಾಕತ್ತಾನ, ಗ್ಲಾಸ ಒಡದೀ. ಅಲ್ತಾಫ!

ಅಲ್ಲಿ ಇಡಬ್ಯಾಡ.

ಅಲ್ಲಿ ಸಕ್ರಿ ಡಬ್ಬಿ ಅದ, ಬರೇ ಇರುವಿ ಅವ... ಮಾರಾಯಾ, ಅವು ಸಕ್ರಿಗಿ ಬಂದಾವ, ಇದನ್ನ ಕಣ್ಣೆತ್ತಿ ನೋಡಂಗಿಲ್ಲ. ದವಾಖಾನಿ ಮುಂದಿನ ಇರುವಿ, ಹೊಟ್ಟಿ ತುಂಬಿದ ಇರುವಿ! ಇವುಗಳದು ಏನು ಹಿಡಿತಿ? ಒಂದು ಸಲ ನೋಡಿದ್ದು ಪುರಾವಿ ಅಲ್ಲಂತ, ಸಂಘಮಿತ್ರಾನೇ ಹೇಳ್ಯಾಳ. ಸಾವಿರ ಸಲ ನೋಡಬೇಕು. ಹೋಲಿಸಿ ನೋಡಬೇಕು, ಬಾಜೂಕ ಇನ್ನೊಂದು ಇಟ್ಟು...

ಸಕ್ರಿ ಇಟ್ಟಿ ಬಾಜೂಕ.

ನೀನೇನು ಸಾಲಿ ಕಲತಿಯೋ, ಕಂಬ ಹತ್ತೋದು ಕಲತಿಯೋ! ಕರೆಂಟ್ ತಗದಾರ ಅಂತ ಫೋನಿನ್ಯಾಗ ಹೇಳಿದ್ರೂ ಟೆಸ್ಟರ್ ಹಚ್ಚದ ತಂತಿ ಮುಟ್ಟದ ಮಗ ನೀ. ಗೊತ್ತದ ನನಗ. ಗೊತ್ತಿದ್ದೂ ನಿನ್ನ ಮುಂದೇ ಇರುವಿ ಸುದ್ದಿ ತಗದೆ. ಯಾಕ ತಗದೆ? ತಾನೇ ಬಂತು ಬಾಯಿಗಿ. ಎರಡು ದಿನಾ ಆತು, ಅದೊಂದೇ ಬರಾಕತ್ತದ.

ನೋಡಬ್ಯಾಡ ಹಂಗ. ನಾ ಹಚ್ಚಿದ ಬೀಡಿ ಇನ್ನಾ ಅರ್ಧ ಆಗ್ಯದ. ಇನ್ನಾ ಬರತಾವ ತಡಿ.

...

ಸಕ್ರಿ ಮುಗೀಲಾಕ ಬಂತು.

ಅದಕ್ಕ ಒಂದೂ ಬರಲಿಲ್ಲ, ಅಲ್ಲ? ಸುತ್ತ ಹಾಕಿ ಹೋಗಾಕತ್ತಾವ. ಬೇವಿನ ಗಿಡದ ಬುಡಕೂ ಹಿಂಗೇ ಹೋಗಿದ್ವು. ಹಿಂಗೇ, ಮೂಸಿ ನೋಡಿ, ವಾರೀ ಹಿಡದು...

ಮಟಕಿಯಾಂವ ಯಾರೂ ಇಲ್ಲ, ಅಲ್ತಾಫ.

ಕೇಳು. ಪೂರಾ ಕೇಳು, ಆಮ್ಯಾಲ ಏನು ಮಾಡತಿ ಮಾಡು. ಎರಡನೇ ತಿಂಗಳದಾಗ ನೋಡಿದೆ. ಅಫಜಲಪುರದಿಂದ ಬರೋ ಹಾದಿಯಾಗ, ಸಣ್ಣ ಸೇತುವಿ ಬಾಜೂಕ. ಅಕ್ಕನ ಡಬ್ಬಿಗಿ ಇರುವಿ ಬರಲಿಲ್ಲ. ಖಾಲಾನ ಡಬ್ಬಿಗಿ ಮುತ್ತಿದ್ವು. ನನ್ನ ಕಣ್ಣ ಮುಂದ ಸೂರ್ಯಕಾಂತ ಬಂದ. ಅಕ್ಕ ಒಲಿ ಮುಂದ ಜಾರಿ ಬಿದ್ದಂಗ, ಆಕಿ ತಲಿ ನನ್ನ ತೊಡಿ ಮ್ಯಾಲ ಇದ್ದಂಗ... ಅಷ್ಟೇ ಬಂತು. ಎರಡೂ ಡಬ್ಬಿ ಟಾವೆಲ್ ಮ್ಯಾಲ ಸುರುವಿದೆ. ಅಕ್ಕನ ಗುಳಗಿ ಖಾಲಾನ ಡಬ್ಬಿಗಿ ತುಂಬಿದೆ. ಖಾಲಾನವು ಅಕ್ಕನ ಡಬ್ಬಿಗಿ. ಮ್ಯಾಲಿನ ಹೆಸರು ಇದ್ದಂಗೇ ಇದ್ವು.

ಒಗದಬಿಡಬೇಕಾಗಿತ್ತು. ಅನಬ್ಯಾಡ, ನನಗೂ ಗೊತ್ತದ. ಒಗದ್ರ ಸಂಘಮಿತ್ರಾ ಉಳದ ಗುಳಗಿ ಎಣಸತಾಳ, ಕಮ್ಮಿ ಬಂದ್ರ ಕೇಳತಾಳ ಅಂತ ಅಂಜಿದೆ. ಅಕ್ಕನ್ನ ಬಿಡಸಬೇಕಾಗಿತ್ತು. ಬಿಡು ಅಂದ್ರ ಆಕಿ, "ಮದೀನಾ ಬಿಟ್ರ ನಾ ಬಿಡತೇನಿ" ಅಂದಳು. ಒಂದು ತಿಂಗಳಾ ಅಂತ ಮಾಡಿದೆ. ಮುಂದಿನ ತಿಂಗಳಾ ಏನರೇ ಹಾದಿ ಹುಡುಕೋಣಂತ. ಮುಂದಿನ ತಿಂಗಳಾ ಮತ್ತ ಅದೇ ಸೇತುವಿ ಬಂತು. ಏಳು ತಿಂಗಳಾ, ಅಲ್ತಾಫ. ಏಳು ಸೋಮವಾರ.

ಮನಸಿಗಿ ಏನ ಹೇಳಕೋತಿದ್ದೆ ಗೊತ್ತೇನು? ಇದು ಛಲೋನೂ ಇರಬಹುದಲ್ಲ ಅಂತಿದ್ದೆ! ಡಾಕ್ಟರಗೇ ಗೊತ್ತಿಲ್ಲ ಅಂದಮ್ಯಾಲ, ಛಲೋ ಇದ್ರ ಖಾಲಾಗೇ ಆಗಲಿ, ನಮ್ಮಕ್ಕಗೇ ಲುಕಸಾನ ಆಗಲಿ. ಅವರು ಕಂಪ್ಯೂಟರಿನ್ಯಾಗ ಚೀಟಿ ಎತ್ತಿದ್ರು, ನಾ ಸೇತುವಿ ಮ್ಯಾಲ ಎತ್ತಿದೆ, ಏನು ಫರಕ? ಅಂತಿದ್ದೆ.

ಫರಕ ಅದ. ಚೀಟಿಗಿ ಯಾರು ಯಾರ ಅಕ್ಕ, ಯಾರು ಯಾರ ಅವ್ವ ಅಂತ ಗೊತ್ತಿರಂಗಿಲ್ಲ. ನನಗ ಗೊತ್ತಿತ್ತು.

ದತ್ತಪ್ಪನ ಕಾಯಿಗಿ ಮೂವತ್ತೊಂದು ಗೀಟು ಹಾಕಿ ಎಣಸಿದೆನಲೇ ನಾ. ಈ ಗುಳಗಿಗಿ ಒಬ್ಬ ಸೂರ್ಯಕಾಂತನ್ನೇ ಎಣಸಿದೆ. ಅಂವ ಮೂರು ವರ್ಷ ಆರಾಮಿದ್ದದ್ದು ಎಣಸಲೇ ಇಲ್ಲ.

ಖಾಲಾ ಹೋದ ತಿಂಗಳಾ ಹೇಳಿದಳು ನನಗ. ಹಲ್ಲು ತಿಕ್ಕಿದ್ರ ರಕ್ತ ಬರತದ ಜಗದೇವಾ ಅಂತ. ಉಪ್ಪಿನ ನೀರು ಮುಕ್ಕಳಿಸು ಅಂದೆ. ಅಂದು, ಆಕಿ ಕೊಟ್ಟ ರೊಟ್ಟಿ ತಿಂದು, ಗಾಡಿ ಹತ್ತಿದೆ.

ಹೊಡಿ. ಏಳು, ಹೊಡಿ... ಅಲ್ಲ, ಹೊಡಿಯಾಕೂ ಹೊತ್ತಿಲ್ಲಲೇ, ಮೊದಲು ಮ್ಯಾಲ ಓಡು! ಮೂರನೇ ಮಾಳಗಿ. ಆ ಡಬ್ಬಿ ತೋರಿಸು, ಗುಳಗಿ ತೋರಿಸು, ಇದು ಭಾಗಮ್ಮಂದು ಅನ್ನು, ಅದಲಬದಲ ಆಗ್ಯದ ಅನ್ನು, ನಿನ್ನೆ ಮುಂಜಾನಿನೂ ಒಂದು ನುಂಗ್ಯಾಳ ಅನ್ನು. ಯಾರು ಮಾಡಿದ್ರು ಅಂದ್ರ ಗೊತ್ತಿಲ್ಲ ಅನ್ನು... ಇಲ್ಲ, ಗೊತ್ತಿಲ್ಲ ಅಂದ್ರ ನಂಬಂಗಿಲ್ಲ ಅವರು. ಹೆಸರು ಹೇಳು ನಂದು. ಓಡಲೇ!

ಯಾಕ ಕೂತಿ?

ಡಬ್ಬಿ ನನಗ್ಯಾಕ ಕೊಡಾಕತ್ತಿ?

...ನಾನೇ?

ನಾನೇ ಹೇಳಬೇಕಾ? ಅಲ್ಲಿ ಅಕ್ಕ ಕೂತಾಳಲೇ. ಖಾಲಾನ ಅಂಗಾಲು ತಿಕ್ಕೋತ ಕೂತಾಳ, ನಿನ್ನೆಯಿಂದ ಎದ್ದಿಲ್ಲ. ಆಕಿ ಮುಂದ? ನಿನಗೋಸ್ಕರ ಮಾಡಿದೆ ಬೇ ಅಂತ... ಆಕಿ ಮುಂದ ಹೆಂಗ...

ಹೂಂ. ಹೂಂ, ಮಾಡಿದಾಂವ ಹೇಳಿದ್ರೇ ನಂಬತಾರ. ಖರೇ. ಇರುವಿ ಹೇಳ್ಯಾವ ಅಂದ್ರ ಯಾವ ಡಾಕ್ಟರ್ ಸೂಜಿ ಎತ್ತತಾನ.

ಕೊಡು ಇಲ್ಲಿ. ಏಳು, ನೀನೂ ಬಾ, ನನ್ನ ಹಿಂದೇ ಬಾ. ಮುಂದ ಹೋಗಬ್ಯಾಡ. ಹಿಂದ ಯಾರೂ ಇಲ್ಲಂದ್ರ ನಾ ನಡಬರಕ ತಿರುಗತೇನಿ, ನನಗ ನನ್ನ ಮ್ಯಾಲೇ ನಂಬಿಕಿ ಇಲ್ಲ. ಬ್ಯಾಗಾ? ಬ್ಯಾಗ ಅಲ್ಲೇ ಇರಲಿ, ಚಾದಾಂವ ನೋಡಕೋತಾನ.

ಇವತ್ತ ಯಾವ ಗಾಡಿನೂ ಹತ್ತಂಗಿಲ್ಲ ನಾ. ನಡಿ.